ಪಳಸ ಅಂದರೆ ಎಲೆ

ಮರಾಠಿ ಸೀಮೆಯ ಭೋಸರಿಯ ಹತ್ತಿರ ಒಂದು ಹೌಸಿಂಗ್ ಸೊಸೈಟಿಯ ತೋಟದ ಕೆಲಸ ನನ್ನದು. ಅಲ್ಲಿನ ಸೆಕ್ರೆಟರಿ ಕಾಕಾ ಸೊಲ್ಲಾಪುರದ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತು. ಈ ಮಾರ್ಚ್‌ನಲ್ಲಿ ಪ್ರತಿ ಮರಕ್ಕೂ ಹೆಸರು, ಅದರ ಅರ್ಥ ಬರೆದ ಫಲಕ ಹಾಕಿಸಲು ಹೇಳಿದರು. ಗೇಟಿನ ಬಳಿ ಮುತ್ತುಗದ ಮರ ಕೆಂಪಗೆ ಹೂಬಿಟ್ಟು ನಿಂತಿತ್ತು. ಅದಕ್ಕೆ ನಿಘಂಟಿನಲ್ಲಿ ಇದ್ದಂತೆಯೇ ಮರಾಠಿಯಲ್ಲಿ ‘ಪಳಸ, ಅಂದರೆ ಎಲೆ’ ಎಂದು ಬರೆಸಿದೆ.

ಕಾಕಾ ಮರವನ್ನು ಒಂದು ಸುತ್ತು ಹಾಕಿದರು. “ಅಕ್ಕಾರ, ಒಂದು ಎಲಿ ತೋರಸ್ರಿ ನೋಡೋಣು.”

ಒಂದೂ ಇರಲಿಲ್ಲ. ಹೂಬಿಡುವ ಕಾಲಕ್ಕೆ ಮುತ್ತುಗ ಎಲೆಯನ್ನೆಲ್ಲ ಉದುರಿಸಿಬಿಡುತ್ತದೆ.

“ಪಳಸ ಅಂದ್ರ ಬೆಂಕಿ. ಹಂಗ ಬರಸ್ರಿ. ಇಲ್ಲಾಂದ್ರ ಮುಂದಿನ ವರ್ಷ ಬ್ಯಾರೆ ಮಾಲಿನ್ನ ನೋಡ್ತೀವಿ.”

ಈ ಕೆಲಸ ಹೋದರೆ ನನ್ನ ಜೊತೆ ತೋಟದಲ್ಲಿ ದುಡಿಯುವ ಮೂವರು ಹೆಂಗಸರೂ ಮನೆಯಲ್ಲಿ ಕೂರಬೇಕು. ಆದರೂ ನಾನು ಬಗ್ಗಲಿಲ್ಲ. ಶಾಲೆಯ ಮುಖ ನೋಡದೆ ನಿಘಂಟು ಓದಲು ಕಲಿತವಳು. ಅದಕ್ಕೂ ಮೊದಲು ಅವ್ವನ ಜೊತೆ ಕೂತು ಇದೇ ಮರದ ಎಲೆಯಿಂದ ಪತ್ರಾವಳಿ ಹಚ್ಚಿದವಳು.

“ಕಾಕಾ, ನಿಮ್ಮ ಮದುವಿ ಊಟ ಯಾತರ ಮ್ಯಾಲ ಬಡಿಸಿದ್ರು?”

“ಪತ್ರಾವಳಿ ಮ್ಯಾಲ.”

“ಯಾವ ಎಲಿ?”

ಕಾಕಾ ತಲೆ ಎತ್ತಿ ಅದೇ ಮರವನ್ನು ನೋಡಿದರು.

“ಹೂವ ಎಷ್ಟ ಚಂದಿದ್ರೂ ಅದರ ಮ್ಯಾಲ ಅನ್ನ ಬಡಸಾಕ ಬರೂದಿಲ್ರಿ,” ಅಂದೆ.

ಮರುದಿನ ನನ್ನ ಫಲಕ ಅಲ್ಲೇ ಇತ್ತು. ಅದರ ಕೆಳಗೆ ಕಾಕಾರ ಕೈಬರಹದ ಇನ್ನೊಂದು: ‘ಎಲೆಗಳು ವೈಶಾಖದಲ್ಲಿ ಬರುತ್ತವೆ. ಕಾರಣ ಕೇಳಬಾರದು.’

ಕೆಲಸ ಉಳಿಯಿತು. ಈಗ ದಿನಕ್ಕೆ ನಾಲ್ಕು ಜನ ಅಲ್ಲಿ ನಿಂತು ಕಾರಣ ಕೇಳುತ್ತಾರೆ. ಕಾಕಾ ಓಡಿಬಂದು ಪತ್ರಾವಳಿಯ ಕಥೆ ಹೇಳುತ್ತಾರೆ, ‘ಎಲೆ’ ಎಂಬ ಅರ್ಥವನ್ನು ನಿಘಂಟಿನಲ್ಲಿ ಹುಡುಕಿ ತಾವೇ ಕಂಡುಹಿಡಿದದ್ದಂತೆ.