ಗಂಗಿಯ ನೀಲಿ ಟೋಪಿ

ಹೊಸ ಜೀನ್ಸ್ ಬಟ್ಟೆಯ ಥಾನು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಅದು ನಿಮಗೆ ಗೊತ್ತೋ ಇಲ್ಲವೋ, ನಾನರಿಯೆ. ಗಂಜಿಗೆ ಬಣ್ಣ ಕಲಸಿ, ಮೇಲೆ ಎರಡು ಹನಿ ಸೀಮೆಎಣ್ಣೆ ಬಿಟ್ಟಂತಿರುತ್ತದೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ಜೀನ್ಸ್ ಹೊಲಿಯುವ ನಮ್ಮ ರಾಯದುರ್ಗದಲ್ಲಿ ಅರ್ಧ ಊರು ಅದರ ನಡುವೆಯೇ ಕೂತು ಚಿತ್ರಾನ್ನ ತಿನ್ನುತ್ತದೆ. ಇವತ್ತು ಬೆಳಿಗ್ಗೆ ಥಾನು ಬಿಚ್ಚಿದೆ. ಆ ವಾಸನೆ ಬಡಿದದ್ದೇ ತಡ, ಕತ್ತರಿ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ.

"ಯಾಕ್ರೀ, ಕತ್ತರಿ ಮೊಂಡಾತೇನು?" ಎಂದಳು ನನ್ನ ಹೆಂಡತಿ. ಕತ್ತರಿ ಚೆನ್ನಾಗಿಯೇ ಇತ್ತು. ಮೊಂಡಾಗಿದ್ದವನು ನಾನು, ಅದೂ ಹದಿನೈದು ವರ್ಷದ ಹಿಂದೆ. ಹೇಳುತ್ತೇನೆ, ಕೂತುಕೊಳ್ಳಿ.

ನಾನು ಮಡಕಶಿರದ ಕಡೆಯವನು, ಅಗಳಿಯ ಹತ್ತಿರದ ಹಳ್ಳಿ. ಹೊಲಿಗೆ ಕಲಿಯಲು ಹೋದವನು ರಾಯದುರ್ಗದಲ್ಲೇ ಉಳಿದು, ಮೆಷಿನ್ನಿನಿಂದ ಕಟಿಂಗ್ ಟೇಬಲ್ಲಿಗೆ ಬಂದು, ಜನರ ಬಾಯಲ್ಲಿ 'ಮಾಸ್ತರು' ಆದೆ. ನನ್ನ ತಂಗಿ ಗಂಗಮ್ಮ. ನಾನು ಕರೆಯುವುದು ಗಂಗಿ ಎಂದು. ಅವಳು ಹುಟ್ಟುವಾಗಲೇ ಕೂದಲು, ಹುಬ್ಬು, ರೆಪ್ಪೆ, ಚರ್ಮ ಎಲ್ಲವೂ ಬೆಳ್ಳಗೆ. ನಮ್ಮ ಸೋದರಮಾವ ಈರಣ್ಣನೂ ಹಾಗೆಯೇ. ಚರ್ಮಕ್ಕೆ ಬಣ್ಣ ಕೊಡುವ ಅಂಶವೇ ಇಲ್ಲದೆ ಹುಟ್ಟುವವರು ಇವರು, ಇದು ಸಂಬಂಧದೊಳಗೆ ಬರುತ್ತದೆ, ಕಣ್ಣೂ ಮಂದವಿರುತ್ತದೆ ಎಂಬುದೆಲ್ಲ ನನಗೆ ತಿಳಿದದ್ದು ತಲೆ ನರೆತ ಮೇಲೆ. ಊರಿನವರಿಗೆ ಮಾವ 'ದೊರೆ', ಇವಳು 'ದೊರೆಸಾನಿ'. ಬಸ್ಸಿಗೆ ಕಾಯುತ್ತ ನಿಂತರೆ ಸುತ್ತ ಜನ ಕೂಡಿ ನೋಡುತ್ತಿದ್ದರು. ಹಾಗಾಗಿ ನಾನು ಚಿಕ್ಕಂದಿನಿಂದಲೂ ಅವಳ ಮುಖವನ್ನು ನೆಟ್ಟಗೆ ನೋಡುತ್ತಿರಲಿಲ್ಲ. ಊರೆಲ್ಲ ನೋಡುವುದು ಸಾಲದೆ, ಒಡಹುಟ್ಟಿದವನೂ ನೋಡಬೇಕೆ? ಮಾತಾಡುವಾಗ ಗೋಡೆ ನೋಡುತ್ತಿದ್ದೆ, ಇಲ್ಲವೇ ಅವಳ ಕೈ ನೋಡುತ್ತಿದ್ದೆ. ಅದು ನಾನು ಅವಳಿಗೆ ಕೊಡುವ ದೊಡ್ಡ ಮರ್ಯಾದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅಮ್ಮ ತೀರಿಕೊಂಡ ಮೇಲೆ ಗಂಗಿಯನ್ನು ರಾಯದುರ್ಗಕ್ಕೆ ಕರೆತಂದೆ. ಅವಳಿಗೆ ಸೂಜಿಗೆ ದಾರ ಪೋಣಿಸುವುದು ಆಗದು. ಆದ್ದರಿಂದ ಜೀನ್ಸ್ ತೊಳೆಯುವ ವಾಷಿಂಗ್‌ನಲ್ಲಿ ಕೆಲಸಕ್ಕೆ ಸೇರಿದಳು. ತೊಳೆದ ಪ್ಯಾಂಟುಗಳನ್ನು ಬಯಲಿನ ತಂತಿಗಳ ಮೇಲೆ ಹರವಿ, ಒಂದು ಮಗ್ಗುಲು ಒಣಗಿದ ಮೇಲೆ ತಿರುವಿ ಹಾಕುವ ಕೆಲಸ. ಅವಳ ಜೊತೆ ಇನ್ನೂ ಏಳು ಜನ ಹೆಂಗಸರಿದ್ದರು. ರಾಯದುರ್ಗದ ಬಿಸಿಲು ಪ್ಯಾಂಟಿಗೆ ಬಹಳ ಒಳ್ಳೆಯದು. ಅದೇ ಬಿಸಿಲಲ್ಲಿ ನನ್ನ ತಂಗಿಯೂ ಒಣಗುತ್ತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ ನೋಡಿ.

ಈರಣ್ಣ ಮಾವ ಅಗಳಿಯಲ್ಲೇ ಕಡಲೆಕಾಯಿ ಬೆಳೆದುಕೊಂಡಿದ್ದ. ಯಾವಾಗಲೂ ತಲೆಗೆ ರುಮಾಲು. ಆದರೆ ನಮ್ಮ ರುಮಾಲಿನ ಕಟ್ಟು ನಿಮಗೆ ಗೊತ್ತಲ್ಲ, ತಲೆಯನ್ನೆಲ್ಲ ಮುಚ್ಚಿ ಕಿವಿಯನ್ನು ಹೊರಗೆ ಬಿಡುತ್ತದೆ. ಆ ಕಿವಿಯ ತುದಿಯಲ್ಲಿ ಒಂದು ಹುಣ್ಣಾಗಿ ಎರಡು ವರ್ಷ ಕೂತಿತ್ತು. ಅರಿಶಿನ ಹಚ್ಚಿದ, ಬೇವಿನೆಣ್ಣೆ ಹಚ್ಚಿದ, ಒಣಗಿತೆಂದು ಹೇಳಿಕೊಂಡು ತಿರುಗಿದ. ಕೊನೆಗೆ ಅನಂತಪುರದ ಆಸ್ಪತ್ರೆಗೆ ಎಳೆದುಕೊಂಡು ಹೋದಾಗ ಅದು ಚರ್ಮದ ಕ್ಯಾನ್ಸರ್ ಎಂದರು. ಕಿವಿಯನ್ನು ಬಹುಪಾಲು ತೆಗೆದರು. ಆದರೂ ಅದು ಅಷ್ಟರಲ್ಲಿ ಕುತ್ತಿಗೆಯ ಗಂಟಿಗೆ ಇಳಿದಿತ್ತು.

ಅಲ್ಲಿಯ ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಗಡಿಯ ನಮ್ಮ ಕಡೆ ಇದು ಮಾಮೂಲು. "ನಿಮ್ಮ ಮನೆತನದಲ್ಲಿ ಇಂಥ ಮೈಯವರು ಇನ್ನು ಯಾರಿದ್ದಾರೆ?" ಎಂದರು. ತಂಗಿ ಇದ್ದಾಳೆ ಎಂದೆ. ಏನು ಕೆಲಸ ಎಂದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಇಂಥ ಚರ್ಮಕ್ಕೆ ಬಿಸಿಲನ್ನು ತಡೆಯುವ ಶಕ್ತಿಯೇ ಇಲ್ಲ, ಹತ್ತು ಗಂಟೆಯಿಂದ ನಾಲ್ಕು ಗಂಟೆವರೆಗೆ ನೆರಳಲ್ಲಿರಬೇಕು, ತುಂಬುತೋಳಿನ ಅಂಗಿ ಬೇಕು, ಕಿವಿ ಕುತ್ತಿಗೆ ಮುಚ್ಚುವ ಟೋಪಿ ಬೇಕು, ಬಿಸಿಲಿನ ಕ್ರೀಮು ಹಚ್ಚಬೇಕು, ಒಂದು ತಿಂಗಳಾದರೂ ಮಾಯದ ಹುಣ್ಣು ಯಾವುದಿದ್ದರೂ ತೋರಿಸಬೇಕು ಎಂದು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿ, "ಏನೂ ಇಲ್ಲದಿದ್ದರೂ ಒಮ್ಮೆ ಕರೆದುಕೊಂಡು ಬನ್ನಿ. ಇರುವಾಗ ಬರುವುದಕ್ಕಿಂತ ಇಲ್ಲದಾಗ ಬರುವುದು ಮೇಲು," ಎಂದರು.

ಮಾವ ಮಂಚದ ಮೇಲಿಂದ ಕೈ ಹಿಡಿದುಕೊಂಡ. "ನನ್ ಕಿವಿ ಹೋತು ಬಿಡ್ಲಾ. ಆ ಕೂಸಿನ್ ಮುಖ ಉಳ್ಸು."

ಮುಖ ಉಳಿಸುವುದೇನು ಸುಲಭವೇ? ಆಸ್ಪತ್ರೆಗೆ ಬರಲು ಗಂಗಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಹುಟ್ಟಿದಾಗಿಂದ ಎಲ್ರೂ ನೋಡಿದ್ದೇ ಆಯ್ತು ಕಣಣ್ಣ. ಈಗ ಬಸ್ ಹತ್ತಿ ಹೋಗಿ ಬೇರೆ ತೋರಿಸ್ಕೊಂಬೇಕಾ?"

ಹಾಗಾದರೆ ಬಯಲಿನಲ್ಲಾದರೂ ಕೊಡೆ ಹಿಡಿದುಕೋ ಎಂದೆ. "ಅಷ್ಟು ಜನದಾಗೆ ನಾನೊಬ್ಳೇ ಕೊಡೆ ಹಿಡ್ಕಂಡ್ರೆ ಇನ್ನೂ ನೋಡ್ತಾರೆ" ಎಂದಳು. ಸರಿ, ಮಾಸ್ತರಿಗೆ ಗೊತ್ತಿರುವುದು ಒಂದೇ ವಿದ್ಯೆ. ಕಟಿಂಗಿನಲ್ಲಿ ಉಳಿದ ಜೀನ್ಸ್ ತುಂಡುಗಳನ್ನು ಜೋಡಿಸಿ ಟೋಪಿ ಹೊಲಿಯಲು ಕೂತೆ. ಸುತ್ತ ಗೇಣಗಲ ಅಂಚು, ಹಿಂದೆ ಕುತ್ತಿಗೆಗೆ ಇಳಿಬಿದ್ದ ಪಟ್ಟಿ. ಒಂದನ್ನೇ ಹೊಲಿದರೆ ಮತ್ತೆ ಅದೇ ರಾಗ ತೆಗೆಯುತ್ತಾಳೆಂದು ಒಂದೇ ಅಳತೆಯಲ್ಲಿ ಎಂಟು ಹೊಲಿದೆ. ಭಾನುವಾರ ಸಂಜೆ ಎಂಟೂ ಟೋಪಿಗಳನ್ನು ಅವಳ ಮುಂದಿಟ್ಟೆ. ಗಂಗಿ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ನೋಡಿದಳು. ಅವಳು ಏನನ್ನೇ ಆಗಲಿ ಹಾಗೆಯೇ ನೋಡುವುದು.

"ಎಲ್ರಿಗೂವಾ?" ಎಂದಳು.

"ಎಲ್ರಿಗೂ."

ಎಂಟನ್ನೂ ಒಂದರೊಳಗೊಂದು ಇಟ್ಟಳು. ಆಮೇಲೆ, "ಆಸ್ಪತ್ರೆಗೆ ಬತ್ತೀನಿ. ಆದ್ರೆ ಮೊದ್ಲು ನೀನು ತೋರಿಸ್ಕೊಂಬೇಕು. ನಾನು ನೋಡ್ತೀನಿ" ಎಂದಳು. ಆಗಲಿ ತಾಯಿ ಎಂದೆ.

ಮಾರನೆಯ ದಿನ ಏಳು ಟೋಪಿ ಬಯಲಿಗೆ ಹೋದವು, ಎಂಟನೆಯದನ್ನು ಹಾಕಿಕೊಂಡು ಗಂಗಿ ನನ್ನ ಜೊತೆ ಅನಂತಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯಿಂದ ಬಿಸಿಲು ಹೊಡೆಯಿತು. ಅವಳು ಟೋಪಿ ತೆಗೆಯಲಿಲ್ಲ. ನಾನು ಎಂದಿನಂತೆ ಮುಂದಿನ ಸೀಟಿನ ಕಂಬಿ ನೋಡುತ್ತ ಕೂತೆ.

ಆಸ್ಪತ್ರೆಯಲ್ಲಿ ಮಾತಿನಂತೆ ಮೊದಲು ನಾನೇ ಅಂಗಿ ಬಿಚ್ಚಿದೆ. ಡಾಕ್ಟರಮ್ಮ ಕಿವಿ, ಬೆನ್ನು, ಅಂಗಾಲು ಎಲ್ಲ ನೋಡಿದರು. ನನ್ನ ಹೊಟ್ಟೆಯ ಮೇಲಿನ ಒಂದು ನರಹುಲಿಯನ್ನು ಭೂತಗನ್ನಡಿಯಿಟ್ಟು ನೋಡಿ, "ಇದೇನೂ ಅಲ್ಲ. ಹೊಟ್ಟೆಯೇ ಸ್ವಲ್ಪ ಜಾಸ್ತಿ" ಎಂದರು. ಗಂಗಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗುತ್ತಲೇ ಟೋಪಿ ತೆಗೆದಳು.

ಅಯ್ಯೋ ಶಿವನೇ! ಹಣೆಯಿಂದ ಕೆನ್ನೆಯವರೆಗೂ ನೀಲಿ. ಬೆವರು ಇಳಿದಲ್ಲೆಲ್ಲ ಬಣ್ಣ ಇಳಿದಿತ್ತು.

ತಪ್ಪು ಯಾರದ್ದು ಎನ್ನುತ್ತೀರಿ? ಜೀನ್ಸ್ ಕೆಲಸದಲ್ಲಿ ತೊಳೆಯದ ಬಟ್ಟೆಯನ್ನೇ ಹೊಲಿಯುವುದು, ಹೊಲಿದ ಮೇಲೆ ಅದು ವಾಷಿಂಗಿಗೆ ಹೋಗುವುದು. ಮೂವತ್ತು ವರ್ಷ ನಾನು ಹೊಲಿದದ್ದನ್ನೆಲ್ಲ ಬೇರೆ ಯಾರೋ ತೊಳೆದಿದ್ದರು. ಟೋಪಿಯನ್ನೂ ತೊಳೆಯಬೇಕು ಎಂಬುದು ಈ ಮಾಸ್ತರನ ತಲೆಗೆ ಹೋಗಲೇ ಇಲ್ಲ. ವಾಷಿಂಗಿನಲ್ಲೇ ದುಡಿಯುವ ಗಂಗಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತಂತೆ. "ನೀನು ಹೊಲಿದಿದ್ದು ಹೊಸಾದಾಗೇ ಹಾಕ್ಕೊಂಬೇಕು ಅನ್ನಿಸ್ತು" ಎಂದಳು.

ಡಾಕ್ಟರಮ್ಮ ನಗುತ್ತ ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಒರೆಸತೊಡಗಿದರು. ಹಣೆ ಬೆಳ್ಳಗಾಯಿತು, ಕೆನ್ನೆ ಬೆಳ್ಳಗಾಯಿತು. ಎಡಗಣ್ಣಿನ ಪಕ್ಕ, ಕೆನ್ನೆಯ ಮೇಲ್ತುದಿಯಲ್ಲಿ, ಜೋಳದ ಕಾಳಿನಷ್ಟು ಒಂದು ಜಾಗ ಮಾತ್ರ ನೀಲಿಯಾಗಿಯೇ ಉಳಿಯಿತು. ಮತ್ತೆ ಒರೆಸಿದರು. ಹೋಗಲಿಲ್ಲ. ಅಲ್ಲಿ ಚರ್ಮ ಒರಟಾಗಿ ಹಕ್ಕಳೆಗಟ್ಟಿ ಬಣ್ಣವನ್ನು ಹಿಡಿದುಕೊಂಡಿತ್ತು. ಅವರ ನಗು ನಿಂತಿತು.

"ಇದು ಎಷ್ಟು ದಿನದಿಂದ ಇದೆಯಮ್ಮ?"

ಗಂಗಿ ನನ್ನ ಕಡೆ ತಿರುಗಿದಳು, ಡಾಕ್ಟರ ಕಡೆಗಲ್ಲ. "ಹೋದ ಉಗಾದಿಯಿಂದ. ದಿನಾ ಪೌಡ್ರು ಹಚ್ತಿದ್ದೆ. ಮಾವನ ಕಿವಿ ನೋಡಿದ್ ಮೇಲೆ ಇನ್ನೂ ಜಾಸ್ತಿ ಹಚ್ದೆ. ನಿಂಗೆ ಕಾಣಿಸ್ತದೆ ಅಂತ ಹೆದರ್ಕೊಂಡಿದ್ದೆ ಕಣಣ್ಣ. ಆದ್ರೆ ನೀನು ಯಾವತ್ತು ನನ್ ಮುಖ ನೋಡೀಯ?"

ನಾನು ಆ ಗಳಿಗೆಯಲ್ಲಿ ಅಂಗಿಯಿಲ್ಲದೆ ನಿಂತಿದ್ದೆ. ಮೈಮೇಲೆ ಚರ್ಮವೂ ಇಲ್ಲವೇನೋ ಅನ್ನಿಸಿತು. ಎದುರು ಮನೆಯವರಿಗೂ ಕಾಣುವಂಥ ಜಾಗದಲ್ಲಿ ಒಂದು ವರ್ಷದಿಂದ ಬೆಳೆದದ್ದು, ದಿನಕ್ಕೆರಡು ಹೊತ್ತು ಎದುರು ಕೂತು ಉಂಡ ನನಗೆ ಕಂಡಿರಲಿಲ್ಲ. ನಾನು ಕೊಟ್ಟ ಮರ್ಯಾದೆಗೆ ಬೆಂಕಿ ಬೀಳಲಿ. ಅಲ್ಲೇ ಅತ್ತುಬಿಟ್ಟೆ. ಗಂಗಿಯೇ ನನ್ನ ಅಂಗಿಯ ಗುಂಡಿ ಹಾಕಿದಳು, ಒಂದೊಂದನ್ನೂ ತಡವರಿಸಿ ಹುಡುಕಿ.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮಾವನಿಗೆ ಬಂದದ್ದೇ, ಆದರೆ ಇನ್ನೂ ಮೊಳಕೆ. ಬೇರೆಲ್ಲೂ ಇಳಿದಿರಲಿಲ್ಲ. ಒಂದು ಸಣ್ಣ ಆಪರೇಷನ್ನು, ಐದು ಹೊಲಿಗೆ. ಹೊಲಿಗೆ ಬಹಳ ನೀಟಾಗಿತ್ತು, ನಾನು ಹೇಳುತ್ತಿದ್ದೇನೆ ಎಂದರೆ ನಂಬಿ.

ಪರೀಕ್ಷೆಗೆ ಹೋದ ಆ ದಿನ ಸಂಜೆ ನಾವು ಬಸ್ಸಿಳಿದು ಮನೆಗೆ ಬಂದರೆ ಬಾಗಿಲಲ್ಲಿ ಏಳು ನೀಲಿ ಹಣೆಗಳು ಕಾದಿದ್ದವು. "ಏನ್ರೀ ಮಾಸ್ತರೆ, ಎಲ್ಲಾರಿಗೂ ಟೋಪಿ ಹಾಕಿದ್ರಲ್ರೀ!" ಎಂದು ಬಸಮ್ಮ ಎಂಬ ದೊಡ್ಡಕ್ಕ ರಾಗ ತೆಗೆದಳು. ಗಂಗಿಯ ಕೆನ್ನೆಯ ಮೇಲಿನ ಪಟ್ಟಿ ಕಂಡಿದ್ದೇ ದನಿ ಇಳಿಸಿ, "ಏನಾತ ತಂಗಿ? ಬಾ, ಒಳಗ ಬಾ, ಕುಂದ್ರು" ಎಂದು ಕೈಹಿಡಿದು ಕರೆದೊಯ್ದಳು. ಮಾರನೆಯ ದಿನದಿಂದ ಬಯಲಿನ ಕೆಲಸ ಆ ಏಳು ಜನ ಹಂಚಿಕೊಂಡರು, ಗಂಗಿಗೆ ಶೆಡ್ಡಿನ ನೆರಳಲ್ಲಿ ಪ್ಯಾಂಟು ಮಡಚುವ ಕೆಲಸ ಬಿಟ್ಟರು. ಯಾರೂ ಕೇಳಿಕೊಂಡಿರಲಿಲ್ಲ.

ಈರಣ್ಣ ಮಾವ ಮರುವರ್ಷ ಹೋದ. ಹೋಗುವ ಮುಂಚೆ ಗಂಗಿಯ ಕೆನ್ನೆಯ ಹೊಲಿಗೆಯ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿ, "ಅಷ್ಟೇನಾ?" ಎಂದು ಕೇಳಿದ. ಅಷ್ಟೇ ಮಾವ ಎಂದಳು. ಅವನು ಅಷ್ಟು ನಿಶ್ಚಿಂತೆಯಾಗಿ ನಕ್ಕಿದ್ದನ್ನು ನಾನು ಬೇರೆಂದೂ ಕಂಡಿರಲಿಲ್ಲ.

ಇವತ್ತಿನ ಥಾನು ಬಿಚ್ಚಿದ್ದು ಅವಳಿಗೇ. ಹಳೇ ಟೋಪಿಯ ಅಂಚು ಹರಿದಿದೆ. ಈ ಸಲ ಬುದ್ಧಿ ಬಂದಿದೆ, ಬಟ್ಟೆ ಮೊದಲು ಬಕೀಟಿಗೆ. ಮೂರು ನೀರು ಆಯಿತು, ಇನ್ನೂ ನೀಲಿ ಬಿಡುತ್ತಲೇ ಇದೆ. ಇವತ್ತು ಹುಣ್ಣಿಮೆ ಬೇರೆ. ಆರು ತಿಂಗಳಿಗೊಮ್ಮೆ ಡಾಕ್ಟರು ನೋಡುತ್ತಾರೆ, ಹುಣ್ಣಿಮೆಗೊಮ್ಮೆ ನಾನು. ಬಿಸಿಲು ಏರುವ ಮುಂಚೆ ಗಂಗಿ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ನಾನು ಕನ್ನಡಕ ಏರಿಸಿಕೊಂಡು ಹಣೆ, ಕಿವಿ, ಕಿವಿಯ ಹಿಂದೆ, ತುಟಿ, ಕುತ್ತಿಗೆ ಒಂದೊಂದಾಗಿ ನೋಡುತ್ತೇನೆ. ಅರವತ್ತು ದಾಟಿದ್ದಾಳೆ. ನಮ್ಮಮ್ಮನ ಮೂಗೇ ಅವಳದ್ದು. ನೋಡಲು ಶುರುಮಾಡುವವರೆಗೆ ನನಗದು ಗೊತ್ತೇ ಇರಲಿಲ್ಲ.

"ನೋಡಿದ್ದಾಯ್ತೇನಣ್ಣ?" ಎಂದಳು ಇವತ್ತು. ಕೆಲಸಕ್ಕೆ ಹೊತ್ತಾಗಿತ್ತು ಅವಳಿಗೆ.

ನೋಡಿದ್ದು ಆಗಲೇ ಆಗಿತ್ತು, ಎಲ್ಲೂ ಏನೂ ಇರಲಿಲ್ಲ.

"ಇನ್ನೂ ಇಲ್ಲ, ಸುಮ್ಕೆ ಕೂತ್ಕೊ" ಎಂದೆ.