ಹೊಸ ಹಲ್ಲಿಗೆ ಖಡಕ್ ರೊಟ್ಟಿ

“ಯವ್ವಾ, ಇದನ್ನ ಕಡೀರಿ ನೋಡೋಣ,” ಎನ್ನುತ್ತ ಹಲ್ಲಿನ ಡಾಕ್ಟರು ಅವ್ವನ ಕೈಗೆ ಖಡಕ್ ರೊಟ್ಟಿಯ ಚೂರೊಂದನ್ನು ಕೊಟ್ಟರು. ಹೊಸ ಹಲ್ಲಿನ ಸೆಟ್ ಆಗಷ್ಟೇ ಅವಳ ಬಾಯಿ ಸೇರಿತ್ತು. ಹಲ್ಲು ಹೋದಾಗಿನಿಂದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದ ಅವ್ವ, ರೊಟ್ಟಿ ಬಿಟ್ಟು, ನಮ್ಮ ಕಡೆಯವರಂತೆ ಕಾಣದ ಡಾಕ್ಟರ ಮುಖವನ್ನೇ ನೋಡಿದಳು. “ನಿಮ್ಮ ಊರು ಯಾವುದ್ರಿ?” ಎಂದು ಕೇಳಿಯೂ ಬಿಟ್ಟಳು. ನನಗೆ ಮುಜುಗರವಾಯಿತು.

ಅವರು ಮಾತ್ರ ಸಹಜವಾಗಿಯೇ ಹೇಳಿದರು: “ರಾಯಚೂರ್ರಿ. ನಮ್ಮ ಅಜ್ಜ ಚೀನಾದಿಂದ ಬಂದು ಇಲ್ಲಿ ಹಲ್ಲು ಕಟ್ಟಾಕ ಕುಂತ. ಅವಗ ಅನ್ನ ಉಣ್ಣೋ ಮಂದಿಗಿ ಕಟ್ಟಿ ರೂಢಿ. ಈ ಊರಾಗ ಕಟ್ಟಿದ ಮೊದಲನೇ ಸೆಟ್ಟು ಖಡಕ್ ರೊಟ್ಟಿ ಕಡದ ಕೂಡ್ಲೇ ಮುರೀತು. ಅವತ್ತಿಂದ ರೊಟ್ಟಿ ಕಡಸದ ನಮ್ಮ ಮನ್ಯಾಗ ಯಾರೂ ಹಲ್ಲು ಕೊಡಂಗಿಲ್ರಿ.”

ಅವ್ವ ಕಡಿದಳು. ಎಡಕ್ಕೆ ಒತ್ತುತ್ತದೆ ಎಂದಳು. ಅವರು ಸೆಟ್ ತೆಗೆದು, ಉಜ್ಜಿ, ಮತ್ತೆ ಹಾಕಿ, ಇನ್ನೊಂದು ಚೂರು ಕೊಟ್ಟರು. ಅದನ್ನು ತಿಂದು ಮುಗಿಸಿದ ಅವ್ವ ಮತ್ತೆ ಕೈ ಚಾಚಿದಳು.

ಮೊನ್ನೆ ಮಾನ್ವಿಯ ಮದುವೆಯೊಂದರಲ್ಲಿ ಅವ್ವ ಎಲ್ಲರ ಜೊತೆ ಪಂಕ್ತಿಯಲ್ಲೇ ಊಟಕ್ಕೆ ಕೂತಳು. ಹಲ್ಲು ಕಟ್ಟಿದವರು ಯಾರೆಂದು ತಿಳಿದ ಬೀಗರೊಬ್ಬರು, “ಚೀನಾ ಮಾಲ್ ಏನ್ರಿ ಅಕ್ಕಾರ? ಬಾಳಿಕಿ ಬರ್ತದೇನು?” ಎಂದು ನಕ್ಕರು. “ರಾಯಚೂರಿಂದು,” ಎಂದ ಅವ್ವ, ಎಲೆಯ ಮೇಲಿದ್ದ ಖಡಕ್ ರೊಟ್ಟಿಯನ್ನು ಕಟಕ್ಕನೆ ಕಡಿದಳು.