ಬಾವಿ ಮರದ ಕಸಿ, ಪುಕ್ಕಟೆ ತಂತ್ರಾಂಶ

ಇವತ್ತು ಬೆಳಿಗ್ಗೆ ಶ್ರೀನಿವಾಸಪುರದಿಂದ ಚಲಪತಿ ಕಳಿಸಿದ ಮಾವಿನ ಪೆಟ್ಟಿಗೆ ಬಂತು. ಮುಚ್ಚಳ ತೆಗೆದರೆ ಮನೆಯೆಲ್ಲ ಘಮ್ಮೆಂದಿತು. ಒಳ್ಳೆಯ ಹಣ್ಣೇ, ನೀವಾದರೆ ಎರಡು ತಿಂದು ಮೂರನೆಯದಕ್ಕೆ ಕೈ ಹಾಕುತ್ತಿದ್ದಿರಿ. ನನಗೆ ಮಾತ್ರ ಸಿಟ್ಟು ಬಂತು. ಹಣ್ಣಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಮೇಷ್ಟ್ರು ಇಡೀ ಕೋಲಾರಕ್ಕೆ ನಾನೊಬ್ಬನೇ ಇರಬೇಕು.

ಚಲಪತಿ ನನ್ನ ಸಹಪಾಠಿ, ಮಾವಿನ ತೋಟದವನು. ಅಲ್ಲಿ ಬಾವಿಯ ಪಕ್ಕ ಅವನ ತಾತ ನೆಟ್ಟ ಒಂದು ನಾಟಿ ಮರವಿತ್ತು. ಅದರ ಹಣ್ಣು ನೋಡಲು ಸೊಟ್ಟ, ಮಂಡಿಯಲ್ಲಿ ಯಾರೂ ಮೂಸುತ್ತಿರಲಿಲ್ಲ. ಆದರೆ ತೊಟ್ಟು ಕಿತ್ತು ಚೀಪಿದರೆ ಆಮೇಲೆ ಊಟ ಬೇಡವೆನಿಸುತ್ತಿತ್ತು. ಕಸಿ ಕಟ್ಟಲು ಅದರ ಕಡ್ಡಿ ಕೇಳಿಕೊಂಡು ಮಾಲೂರು, ಮುಳಬಾಗಿಲಿನಿಂದಲೂ ಜನ ಬರುತ್ತಿದ್ದರು. ಯಾವ ಮರದ ಕಡ್ಡಿ ಯಾರ ತೋಟಕ್ಕೆ ಹೋಯಿತು ಎಂಬುದನ್ನೆಲ್ಲ ಕಂಪ್ಯೂಟರಿಗೆ ಹಾಕಿಡಲು ಬೆಳೆಗಾರರ ಸಂಘದವರು ಹೊರಟಾಗ, ಕಂಪ್ಯೂಟರ್ ಪಾಠ ಹೇಳುವವನೆಂದು ನನ್ನನ್ನು ಕರೆದರು.

ನಾನು ಮುಕ್ತ ತಂತ್ರಾಂಶದ ಡೇಟಾಬೇಸ್ ಹಾಕೋಣ ಎಂದೆ. ಅದರ ಒಳಗಿನದೆಲ್ಲ ಎಲ್ಲರಿಗೂ ತೆರೆದಿರುತ್ತದೆ, ಮಾಡಿದವರು ಬಿಟ್ಟುಹೋದರೂ ಇನ್ನೊಬ್ಬರು ನಡೆಸಬಹುದು ಎಂದೆಲ್ಲ ಹೇಳುತ್ತಾ ಹೋದೆ. ಶುರು ಮಾಡಿದರೆ ನಿಲ್ಲಿಸುವ ಅಭ್ಯಾಸ ನನಗಿಲ್ಲ, ಇಬ್ಬರು ಆಕಳಿಸಿದರು. ಚಲಪತಿ ಯಾವುದೋ ಕಂಪನಿಯ ಉಚಿತ ಆವೃತ್ತಿ ತೋರಿಸಿದ. ಬಣ್ಣಬಣ್ಣದ ಪರದೆ, ಮರಗಳ ಫೋಟೊ ಬೇರೆ. ಆದರೆ ದಾಖಲೆಗಳನ್ನು ಹೊರಗೆ ತೆಗೆದು ಬೇರೆ ಕಡೆ ಇಟ್ಟುಕೊಳ್ಳುವ ಸೌಲಭ್ಯ ಹಣ ಕೊಟ್ಟವರಿಗೆ ಮಾತ್ರ.

"ಅದೂ ಪುಕ್ಸಟ್ಟೆ, ಇದೂ ಪುಕ್ಸಟ್ಟೆ. ನೋಡೋಕೆ ಇದೇ ಚೆನ್ನಾಗೈತೆ," ಎಂದ ಚಲಪತಿ.

"ಒಳಗೆ ಹಾಕೋಕೆ ಪುಕ್ಸಟ್ಟೆ ಕಣೋ, ಈಚೆಗೆ ತೆಗೆಯೋಕಲ್ಲ," ಎಂದೆ.

"ಈಚೆಗ್ಯಾಕ್ ತೆಗೀಬೇಕ್ಲಾ? ಪೋನೀ ಬಿಡು, ಇದನ್ನೆಲ್ಲ ನಿನ್ ಕಾಲೇಜಲ್ಲಿ ಹೇಳ್ಕೊ."

ಎಲ್ಲರೂ ನಕ್ಕರು. ನಾನು ಮುಖ ಊದಿಸಿಕೊಂಡು ಕೋಲಾರದ ಬಸ್ಸು ಹತ್ತಿದೆ.

ಸಂಘದವರು ಕಂಪನಿಯದನ್ನೇ ಹಾಕಿಸಿದರು, ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆ ಧೈರ್ಯದ ಮೇಲೆ ಚಲಪತಿ ಬಾವಿ ಮರವನ್ನು ಕಡಿಸಿ, ಜ್ಯೂಸ್ ಫ್ಯಾಕ್ಟರಿಯವರು ಕೇಳುವ ಜಾತಿಯನ್ನು ಸಾಲಾಗಿ ನೆಟ್ಟ. ಇವತ್ತಿನ ಪೆಟ್ಟಿಗೆಯಲ್ಲಿ ಬಂದಿರುವುದೂ ಅದೇ ಹಣ್ಣು. ಬೇಕೆಂದಾಗ ಕಡ್ಡಿ ತಂದರಾಯಿತು, ಯಾರ ಹತ್ತಿರ ಇದೆಯೆಂದು ಕಂಪ್ಯೂಟರಿನಲ್ಲಿದೆಯಲ್ಲ! ಆಮೇಲೆ ಕಂಪನಿ ಉಚಿತ ಆವೃತ್ತಿಯವರಿಗೆ ಹಳೆಯ ದಾಖಲೆ ನೋಡುವುದನ್ನೂ ಬಂದ್ ಮಾಡಿತು. ಹಣ ಕಟ್ಟೋಣ ಎಂದು ಸಂಘದವರು ಒಪ್ಪುವಷ್ಟರಲ್ಲಿ ಇನ್ನೊಂದು ಕಂಪನಿ ಅದನ್ನು ಕೊಂಡು, ಆ ತಂತ್ರಾಂಶವನ್ನೇ ನಿಲ್ಲಿಸಿಬಿಟ್ಟಿತು. ಕಡತ ಸಂಘದ ಕಂಪ್ಯೂಟರಿನಲ್ಲೇ ಬಿದ್ದಿದೆ. ತೆರೆಯಲು ನನ್ನಿಂದಲೂ ಆಗಲಿಲ್ಲ.

ಹೋದ ವರ್ಷ ನಾವಿಬ್ಬರೂ ಬಾವಿ ಮರದ ಕಡ್ಡಿ ಹುಡುಕಿಕೊಂಡು ಬೈಕಿನಲ್ಲಿ, ನೆನಪಿದ್ದವರ ತೋಟಗಳಿಗೆಲ್ಲ ಅಲೆದೆವು. ಹೋಳೂರಿನವರ ಗಿಡ ಒಣಗಿತ್ತು. ಮುಳಬಾಗಿಲಿನ ಹತ್ತಿರದ ರೈತರೊಬ್ಬರು, "ಆ ಸೊಟ್ಟ ಕಾಯಾ? ಯಾರ್ ತಗೊಂತಾರೆ ಸ್ವಾಮಿ! ಮರದ ತಲೆ ಕಡಿದು ಬೇರೆ ಜಾತಿ ಕಸಿ ಕಟ್ಟಿಸ್ದೆ," ಎಂದರು. ಇನ್ನು ಯಾರ ಬಾಗಿಲಿಗೆ ಹೋಗಬೇಕೋ ಇಬ್ಬರಿಗೂ ಗೊತ್ತಿರಲಿಲ್ಲ.

ವಾಪಸು ಬರುವಾಗ ಬಾಯಿ ತಡೆಯಲಾಗಲಿಲ್ಲ. "ನಾನು ಅವತ್ತೇ ಬಡ್ಕೊಂಡೆ," ಎಂದೆ.

ಚಲಪತಿ ಬೈಕು ನಿಲ್ಲಿಸಿದ. ತಿರುಗಿ ನೋಡಲಿಲ್ಲ.

"ಹೌದು ಕಣೋ, ನೀನೇ ಗೆದ್ದೆ. ಈಗ ಆ ಗಿಡ ತಂದ್ಕೊಡು ನೋಡಾನ."

ಕಾಲೇಜಿನಲ್ಲಿ ಮುಕ್ತ ತಂತ್ರಾಂಶದ ಪಾಠವನ್ನು ಈಗಲೂ ಮಾಡುತ್ತೇನೆ. ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಮೊದಲಿನ ಹಾಗೆ ದನಿ ಏರುವುದಿಲ್ಲ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ನಿಂತು ಗಿಡ ಕೇಳಿಯಾರೆಂದು ಭಯ.